ಮನೆಯಲ್ಲಿ ಕುಳಿತು ಜಾಲತಾಣ ಕಟ್ಟುವವರ ದುಡಿಮೆಯೂ ಅದರ ಬೆಲೆಯೂ



ಶಾಲೆಯ ಪರೀಕ್ಷಾಫಲ, ಆಟಪಾಠಗಳು, ಕಟ್ಟಡದ ಕೆಲಸ ಇವುಗಳ ವರದಿಯನ್ನು ಈ ಸ್ಮರಣ ಸಂಚಿಕೆಯ ಬೇರೆ ಪುಟಗಳಲ್ಲಿ ನೀವು ಓದುವಿರಿ. ಆದಕಾರಣ ನಾವು ಇಲ್ಲಿ ಬೇರೊಂದು ವಿಷಯವನ್ನು ಅರಿಕೆಮಾಡಬೇಕೆಂದಿದ್ದೇವೆ. ವರ್ಷಕ್ಕೆ ನಾಲ್ಕಾರು ಮಂದಿ ತಾಯಿತಂದೆಗಳಾದರೂ ನಮ್ಮ ಕೊಠಡಿಗೆ ಬಂದು, "ಮಗಳು ಓದು ಮುಗಿಸಿದಳು, ಕಚೇರಿಗೆ ಹೋಗುವುದಿಲ್ಲ, ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕುಳಿತಿರುತ್ತಾಳೆ, ಯಾರಿಗೋ ಜಾಲತಾಣ ಮಾಡಿಕೊಡುತ್ತಾಳಂತೆ. ಅದು ನಿಜವಾಗಿ ಕೆಲಸವೇ?" ಎಂದು ಕೇಳುವುದುಂಟು. ಈ ಪ್ರಶ್ನೆಗೆ ಉತ್ತರ ಹೇಳುವ ಯೋಗ್ಯತೆ ನಮಗೆ ಬಂದದ್ದು ನಮ್ಮದೇ ಒಂದು ತಪ್ಪಿನಿಂದ. ಅದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಗೂ ಒಂದು ಜಾಲತಾಣ ಬೇಕೆಂದು ನಮಗೆ ತೋರಿತು. ಚನ್ನಪಟ್ಟಣದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಹೇಳಿಕಳುಹಿಸಿದೆವು. ಅವಳು ಬಂದಳು, ಒಪ್ಪಿದಳು, ಮಾಡಿಕೊಟ್ಟಳು. ಬೆಲೆಯ ಮಾತು ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ವಾರ್ಷಿಕೋತ್ಸವದ ದಿನ ಅವಳಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ನಾಲ್ಕು ಮೆಚ್ಚಿಕೆಯ ಮಾತುಗಳನ್ನಾಡಿ, ನಮ್ಮ ಕರ್ತವ್ಯ ಮುಗಿಯಿತೆಂದು ಸುಮ್ಮನಾದೆವು. ಒಂದು ವರ್ಷ ಕಳೆದ ಮೇಲೆ ಮಾತಿಗೆ ಮಾತು ಬಂದು ಅವಳು ಹೇಳಿದಳು: "ಅಮ್ಮಾ, ನೀವು ನನ್ನನ್ನು ಕರೆದದ್ದೇ ನನಗೆ ಹೆಮ್ಮೆ. ಆದರೆ ಆ ತಿಂಗಳು ಮನೆಗೆ ಅಕ್ಕಿ ಬಂದದ್ದು ತಮ್ಮನ ಸಂಬಳದಲ್ಲಿ." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದ್ದರಿಂದಲೇ ಅದು ನಮ್ಮ ಮನಸ್ಸಿನಲ್ಲಿ ಹೆಚ್ಚಾಗಿ ನೆಟ್ಟಿತು. ಅಂದೇ ಅವಳನ್ನು ಕುಳ್ಳಿರಿಸಿಕೊಂಡು, ಅವಳ ಕೆಲಸವೇನು, ಅದಕ್ಕೆ ಬೆಲೆ ಕಟ್ಟುವ ಬಗೆ ಹೇಗೆ ಎಂಬುದನ್ನು ವಿದ್ಯಾರ್ಥಿನಿಯಂತೆ ಕೇಳಿ ತಿಳಿದುಕೊಂಡೆವು. ಆಮೇಲೆ ನಾವೇ ಓದಿ ತಿಳಿದುದನ್ನೂ ಸೇರಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಕೆಲಸವೆಂದರೇನು?

ಜಾಲವೆಂಬುದು ಬಹಳ ಹಳೆಯದಲ್ಲ. ಟಿಮ್ ಬರ್ನರ್ಸ್-ಲೀ ಎಂಬವರು ೧೯೮೯ರಲ್ಲಿ ಜಿನೀವದ ಸರ್ನ್ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ಅದರ ಯೋಜನೆಯನ್ನು ಬರೆದರು. ೧೯೯೩ನೆಯ ಏಪ್ರಿಲ್ ೩೦ರಂದು ಆ ಸಂಸ್ಥೆಯು ಅದನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಸಾರಿತು. ಅಂದು ಅದಕ್ಕೆ ಬೆಲೆಯಿಟ್ಟಿದ್ದರೆ ಇಂದು ಮಾಗಡಿಯ ಒಂದು ಮನೆಯಲ್ಲಿ ಕುಳಿತ ಹೆಣ್ಣುಮಗಳು ಆಸ್ಟ್ರೇಲಿಯದ ಅಂಗಡಿಗೆ ಕೆಲಸ ಮಾಡಿಕೊಡುವುದು ಬಹುಶಃ ಸಾಧ್ಯವಾಗುತ್ತಿರಲಿಲ್ಲ.

ಒಂದು ಜಾಲಪುಟದಲ್ಲಿ ಮುಖ್ಯವಾಗಿ ಮೂರು ಅಂಗಗಳಿವೆ. ಚನ್ನಪಟ್ಟಣದ ಬೊಂಬೆಯನ್ನು ಬಲ್ಲವರಿಗೆ ಅವು ಸುಲಭವಾಗಿ ತಿಳಿಯುವುವು. ಮೊದಲು ಆಲೆಮರದ ತುಂಡನ್ನು ಕಡೆದು ಆಕಾರ ಮಾಡುತ್ತಾರೆ; ಪುಟದಲ್ಲಿ ಈ ಆಕಾರವನ್ನು ಕೊಡುವ ಬರವಣಿಗೆಗೆ ಎಚ್.ಟಿ.ಎಂ.ಎಲ್. ಎಂದು ಹೆಸರು. ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಬಣ್ಣ ಕೂರಿಸಿ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ; ಪುಟಕ್ಕೆ ಬಣ್ಣ, ಅಳತೆ, ಅಂದಗಳನ್ನು ಕೊಡುವುದು ಸಿ.ಎಸ್.ಎಸ್. ಕೊನೆಗೆ ಗಾಲಿ ಕೂಡಿಸಿದರೆ ಬೊಂಬೆಯು ಉರುಳುವುದು. ಪುಟವು ನಮ್ಮ ಬೆರಳಿನ ಒತ್ತಿಗೆ ಚಲಿಸುವಂತೆ ಮಾಡುವುದು ೧೯೯೫ರಲ್ಲಿ ಹುಟ್ಟಿದ ಜಾವಾಸ್ಕ್ರಿಪ್ಟ್. ಇವುಗಳ ಹಿಂದೆ ಹೆಸರು ವಿಳಾಸಗಳನ್ನೂ ಲೆಕ್ಕವನ್ನೂ ಕಾಯ್ದಿಡುವ ಉಗ್ರಾಣವೊಂದಿರುತ್ತದೆ. ಪುಟಗಳನ್ನು ಇಡುವ ಯಂತ್ರಕ್ಕೆ ಬಾಡಿಗೆಯನ್ನೂ, ತಾಣದ ಹೆಸರಿಗೆ ವರ್ಷದ ಶುಲ್ಕವನ್ನೂ ಕೊಡತಕ್ಕದ್ದು. ಇವು ಕೆಲಸಗಾರ್ತಿಯ ಸಂಪಾದನೆಯಲ್ಲ; ಅವಳ ಕೈಯಿಂದ ಹಾದುಹೋಗುವ ಹಣ. ಆ ಹೆಸರನ್ನು ಮಾತ್ರ ಕೆಲಸ ಮಾಡಿಸಿಕೊಂಡವರ ಹೆಸರಿನಲ್ಲೇ ನೋಂದಾಯಿಸಬೇಕು. ಇಲ್ಲದಿದ್ದರೆ ಮುಂದೆ ಮನಸ್ತಾಪ ಬಂದಾಗ ಅಂಗಡಿಯ ಬೋರ್ಡು ಒಬ್ಬರದು, ಬೀಗದ ಕೈ ಇನ್ನೊಬ್ಬರದು ಎಂದಾಗುವುದು.

ಕನ್ನಡ ಪುಟಗಳಿಗೆ ಇನ್ನೂ ಒಂದು ದುಡಿಮೆ ಸೇರುತ್ತದೆ. ಯುನಿಕೋಡ್ ಎಂಬ ಲೋಕವ್ಯಾಪಕವಾದ ಅಕ್ಷರಕ್ರಮದಲ್ಲಿ ಕನ್ನಡಕ್ಕೆ ೧೯೯೧ರಲ್ಲೇ ಸ್ಥಾನ ದೊರಕಿತು. ಆದರೆ ನಮ್ಮ ಕಚೇರಿಯ ಹಳೆಯ ಸುತ್ತೋಲೆಗಳೂ ಸಂಚಿಕೆಗಳೂ ಯುನಿಕೋಡ್ ಅಲ್ಲದ ಹಳೆಯ ನುಡಿ ಲಿಪಿಯಲ್ಲಿದ್ದವು. ಅವನ್ನು ಹಾಗೆಯೇ ಜಾಲಕ್ಕೆ ಏರಿಸಿದರೆ ಓದಲಾಗದ ಗೊಂದಲವಾಗುವುದು. ಪರಿವರ್ತನೆ ಮಾಡಿದರೂ ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಸ್ಥಾನ ತಪ್ಪುವುವು. ಆ ಹುಡುಗಿಯು ಅವೆಲ್ಲವನ್ನೂ ಸಾಲುಸಾಲಾಗಿ ಓದಿ ತಿದ್ದಿದ್ದಳು. ನಾವೋ, ಯಂತ್ರವೇ ಮಾಡಿತೆಂದು ತಿಳಿದಿದ್ದೆವು.

ಕೆಲಸದ ಕ್ರಮ

ಮೊದಲು ವಿಚಾರಣೆ. ಯಾರಿಗಾಗಿ ತಾಣ, ಓದುವವರು ಯಾರು, ಎಷ್ಟು ಪುಟ, ಹಣ ಪಡೆಯುವ ಏರ್ಪಾಡು ಬೇಕೇ, ಮುಂದೆ ಅದನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿ ಬರೆದುಕೊಳ್ಳಬೇಕು. ಎರಡನೆಯದು ಅಂದಾಜುಪಟ್ಟಿ: ಏನು ಮಾಡಿಕೊಡಲಾಗುವುದು, ಏನು ಸೇರಿಲ್ಲ, ಎಷ್ಟು ದಿನ, ಎಷ್ಟು ಹಣ. ಮೂರನೆಯದು ನಕ್ಷೆ. ನಾಲ್ಕನೆಯದು ಕಟ್ಟುವ ಕೆಲಸ. ಐದನೆಯದು ಪರೀಕ್ಷೆ, ನಮ್ಮ ಸೀಮೆಯಲ್ಲಿ ಬಹುಮಂದಿ ಜಾಲವನ್ನು ನೋಡುವುದು ಅಗ್ಗದ ಮೊಬೈಲಿನ ಸಣ್ಣ ಪರದೆಯಲ್ಲಾದ್ದರಿಂದ, ಅದರಲ್ಲಿ ಪುಟವು ಬೇಗ ತೆರೆಯುವುದೇ, ಅಕ್ಷರ ಕಾಣುವುದೇ, ಕಣ್ಣು ಕಾಣದವರಿಗೆ ಓದಿ ಹೇಳುವ ಯಂತ್ರಕ್ಕೆ ಅದು ತಿಳಿಯುವುದೇ ಎಂದು ನೋಡಬೇಕು. ಆರನೆಯದು ಒಪ್ಪಿಸುವುದು, ಏಳನೆಯದು ತರುವಾಯದ ಪಾಲನೆ.

ಇವುಗಳಲ್ಲಿ ಹೊರಗಿನವರ ಕಣ್ಣಿಗೆ ಬೀಳುವುದು ನಾಲ್ಕನೆಯದೊಂದೇ. ಬಹುಪಾಲು ವಿಳಂಬವಾಗುವುದು ಕೆಲಸ ಮಾಡಿಸಿಕೊಳ್ಳುವವರಿಂದ. ನಾವು ಚಿತ್ರಗಳನ್ನು ಕೊಡುವುದಕ್ಕೆ ಆರು ವಾರ ತೆಗೆದುಕೊಂಡೆವು. ಮೊದಲ ಪುಟದ ಬಣ್ಣವನ್ನು ನಾಲ್ಕು ಸಲ ಬದಲಾಯಿಸಿದೆವು. ಅಧ್ಯಾಪಕಿಯರ ಪಟ್ಟಿಯನ್ನು ಮೂರು ಸಲ ತಿದ್ದಿದೆವು. ೪೫ ಗಂಟೆಗಳಲ್ಲಿ ಮುಗಿಯಬೇಕಾಗಿದ್ದ ಕೆಲಸಕ್ಕೆ ಅವಳು ೭೦ ಗಂಟೆಗಳನ್ನು ವ್ಯಯಮಾಡಿದ್ದಳೆಂದು ಅವಳ ದಿನಚರಿಯನ್ನು ನೋಡಿದ ಮೇಲೆ ನಮಗೆ ತಿಳಿಯಿತು. ಅಷ್ಟರಲ್ಲಿ ಕನಕಪುರದ ವ್ಯಾಪಾರಿಯೊಬ್ಬರ ಕೆಲಸವು ಸಮಯಕ್ಕೆ ಆಗದೆಂದು ಬೇರೆಯವರ ಪಾಲಾಗಿತ್ತು.

ಬೆಲೆಯ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಅವಳು ತೋರಿಸಿದ ಲೆಕ್ಕದ ಕ್ರಮವನ್ನು ಇಲ್ಲಿ ಕೊಡುತ್ತೇವೆ. ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಮನೆಯ ಅಂಕಿಗಳನ್ನು ನೀವೇ ಹಾಕಿಕೊಳ್ಳಬೇಕು.

ಮನೆಗೆ ತಿಂಗಳಿಗೆ ೩೫,೦೦೦ ರೂಪಾಯಿ ಬೇಕೆಂದು ಇಟ್ಟುಕೊಳ್ಳೋಣ; ವರ್ಷಕ್ಕೆ ೪,೨೦,೦೦೦ ಆಯಿತು. ೬೦,೦೦೦ ರೂಪಾಯಿನ ಕಂಪ್ಯೂಟರು ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ ೧೫,೦೦೦. ಅಂತರಜಾಲ, ಕರೆಂಟು ಹೋದಾಗ ಬೇಕಾಗುವ ಬ್ಯಾಟರಿ ಇವುಗಳಿಗೆ ೧೨,೦೦೦. ಉಪಕರಣವಾಗಿ ಬಳಸುವ ತಂತ್ರಾಂಶಗಳಿಗೆ ೧೮,೦೦೦. ಹೊಸದನ್ನು ಕಲಿಯುವುದಕ್ಕೆ ೧೫,೦೦೦. ಈ ವೆಚ್ಚಗಳ ಮೊತ್ತ ೬೦,೦೦೦. ಕಾಯಿಲೆ, ಹೆರಿಗೆ, ಮುಪ್ಪು, ಕೆಲಸವಿಲ್ಲದ ತಿಂಗಳು ಇವುಗಳಿಗೆಂದು ಕಾಯ್ದಿಡತಕ್ಕದ್ದು ೧,೨೦,೦೦೦. ಎಲ್ಲವೂ ಸೇರಿ ೬,೦೦,೦೦೦ ರೂಪಾಯಿ.

ಇನ್ನು ಕಾಲ. ವರ್ಷದ ೫೨ ವಾರಗಳಲ್ಲಿ ಹಬ್ಬ, ಕಾಯಿಲೆ, ಬಂಧುಗಳ ಮನೆಯ ಕಾರ್ಯಗಳಿಗೆ ೬ ವಾರ ಹೋದರೆ ಉಳಿದದ್ದು ೪೬. ವಾರಕ್ಕೆ ೪೦ ಗಂಟೆ ದುಡಿದರೂ ಎಲ್ಲಾ ಗಂಟೆಗಳಿಗೂ ಹಣ ಬರುವುದಿಲ್ಲ. ವಿಚಾರಣೆ, ಅಂದಾಜುಪಟ್ಟಿ, ಲೆಕ್ಕಪತ್ರ, ಬಾಕಿ ಕೇಳುವುದು, ಕಲಿಯುವುದು ಇವುಗಳಿಗೆ ೧೬ ಗಂಟೆ ಕಳೆದರೆ, ಹಣ ಬರುವ ಗಂಟೆಗಳು ೨೪. ಅಂದರೆ ವರ್ಷಕ್ಕೆ ೧,೧೦೪ ಗಂಟೆ. ಆರು ಲಕ್ಷವನ್ನು ಇದರಿಂದ ಭಾಗಿಸಿದರೆ ಗಂಟೆಗೆ ಸುಮಾರು ೫೪೩ ರೂಪಾಯಿ, ಪೂರ್ಣಾಂಕವಾಗಿ ೫೫೦.

ಗಂಟೆಗೆ ೫೫೦ ಎಂದೊಡನೆ ಕೇಳಿದವರು ಹುಬ್ಬೇರಿಸುತ್ತಾರೆ. ದಿನಕ್ಕೆ ೮ ಗಂಟೆ, ತಿಂಗಳಿಗೆ ೨೫ ದಿನವೆಂದು ಗುಣಿಸಿ, "ಮನೆಯಲ್ಲಿ ಕುಳಿತವಳಿಗೆ ಲಕ್ಷದ ಮೇಲೆ ಹತ್ತು ಸಾವಿರವೇ!" ಎನ್ನುತ್ತಾರೆ. ಗುಣಾಕಾರವು ಸರಿಯಾದರೂ ಗುಣಿಸಿದ ಗಂಟೆಗಳು ತಪ್ಪು. ಅವಳಿಗೆ ತಿಂಗಳಿಗೆ ಬರುವುದು ಸುಮಾರು ೫೦,೦೦೦. ಅದರಲ್ಲಿ ಮನೆಗೆ ಉಳಿಯುವುದು ೩೫,೦೦೦. ಕಚೇರಿಯ ನೌಕರಳಿಗೆ ಕಂಪ್ಯೂಟರು, ಕುರ್ಚಿ, ರಜೆಯ ಸಂಬಳ, ಭವಿಷ್ಯನಿಧಿ ಇವು ಕಚೇರಿಯಿಂದ ಬರುತ್ತವೆ. ೨೦೧೭ರ ಕಾನೂನು ತಿದ್ದುಪಡಿಯಿಂದೀಚೆಗೆ ನೌಕರಿಯಲ್ಲಿರುವ ಹೆಂಗಸರಿಗೆ ಮೊದಲೆರಡು ಹೆರಿಗೆಗಳಿಗೆ ೨೬ ವಾರಗಳ ಸಂಬಳಸಹಿತ ರಜೆಯುಂಟು. ಸ್ವತಂತ್ರವಾಗಿ ದುಡಿಯುವವಳಿಗೆ ಆ ರಜೆಯನ್ನು ಕೊಡುವವರು ಯಾರೂ ಇಲ್ಲ. ಅದನ್ನು ಅವಳು ತನ್ನ ಗಂಟೆಯ ಬೆಲೆಯೊಳಗೇ ಸೇರಿಸಿಕೊಳ್ಳಬೇಕು. ನಮ್ಮ ಹೆಣ್ಣುಮಕ್ಕಳು ಬೆಲೆ ಕಟ್ಟುವಾಗ ಹೆಚ್ಚಾಗಿ ಮರೆಯುವ ಅಂಶ ಇದೇ.

ಬೆಲೆ ಹೇಳುವ ಬಗೆಗಳು

ಬೆಲೆಯನ್ನು ಮೂರು ಬಗೆಯಾಗಿ ಹೇಳುವುದುಂಟು. ಗಂಟೆಯ ಲೆಕ್ಕ ಒಂದು. ಕೆಲಸದ ಮೇರೆ ತಿಳಿಯದಿರುವಾಗ ಇದು ಇಬ್ಬರಿಗೂ ನ್ಯಾಯ. ಆದರೆ ಅನುಭವ ಬಂದಂತೆಲ್ಲ ಕೈ ಬೇಗ ಓಡಿ, ಚೆನ್ನಾಗಿ ಕಲಿತವಳಿಗೇ ಕಡಮೆ ಹಣ ಬರುವ ದೋಷ ಇದರಲ್ಲಿದೆ. ಆಜ್ಞೆ ಕೊಟ್ಟರೆ ಪುಟದ ಬರವಣಿಗೆಯನ್ನು ಕ್ಷಣದಲ್ಲಿ ಮಾಡಿಕೊಡುವ ಕೃತಕ ಬುದ್ಧಿಯ ಯಂತ್ರಗಳು ೨೦೨೨ರಿಂದೀಚೆಗೆ ಜನಬಳಕೆಗೆ ಬಂದಿರುವುದರಿಂದ ಈ ದೋಷವು ಇನ್ನೂ ಹೆಚ್ಚಿದೆ. ಯಂತ್ರ ಬರೆದದ್ದು ಸರಿಯೋ ತಪ್ಪೋ ಎಂದು ನೋಡುವ ಬುದ್ಧಿಗೂ, ತಪ್ಪಾದರೆ ಬಂದು ಸರಿಮಾಡುವ ಹೊಣೆಗೂ ಈಗ ಬೆಲೆ ಸಲ್ಲಬೇಕಾಗಿದೆ.

ಎರಡನೆಯದು ಇಡುಗಂಟಿನ ಗುತ್ತಿಗೆ. ಕೆಲಸಕ್ಕೆ ೪೫ ಗಂಟೆಯ ಅಂದಾಜು. ಅಂದಾಜು ಸಾಮಾನ್ಯವಾಗಿ ಮೀರುವುದರಿಂದ ಕಾಲುಭಾಗ, ಎಂದರೆ ಸುಮಾರು ೧೧ ಗಂಟೆ ಸೇರಿಸಿ ೫೬. ಗಂಟೆಗೆ ೫೫೦ರಂತೆ ೩೦,೮೦೦ ರೂಪಾಯಿ. ಕೆಲಸ ತೊಡಗುವ ಮುನ್ನ ಅರ್ಧ, ಎಂದರೆ ೧೫,೪೦೦. ನಕ್ಷೆಯು ಒಪ್ಪಿಗೆಯಾದಾಗ ೭,೭೦೦. ಒಪ್ಪಿಸುವ ದಿನ ೭,೭೦೦. ಎರಡು ಸಲದ ತಿದ್ದುಪಡಿ ಬೆಲೆಯಲ್ಲೇ ಸೇರಿದೆ, ಮೂರನೆಯದಕ್ಕೆ ಗಂಟೆಯ ಲೆಕ್ಕ ಎಂದು ಮೊದಲೇ ಬರೆದಿಡತಕ್ಕದ್ದು. ಹೀಗೆ ಬರೆದಿದ್ದರೆ ನಾವು ಬಣ್ಣವನ್ನು ನಾಲ್ಕು ಸಲ ಬದಲಾಯಿಸುತ್ತಿದ್ದೆವೇ ಎಂದು ಈಗ ನಮ್ಮನ್ನು ನಾವೇ ಕೇಳಿಕೊಳ್ಳುತ್ತೇವೆ.

ಮೂರನೆಯದು ತಿಂಗಳ ಅಥವಾ ವರ್ಷದ ಪಾಲನೆಯ ಒಪ್ಪಂದ. ತಾಣವನ್ನು ಕಟ್ಟಿ ಬಿಟ್ಟರೆ ಸಾಲದು. ತಂತ್ರಾಂಶವನ್ನು ಹೊಸದಾಗಿಸುತ್ತ, ನಕಲನ್ನು ಕಾಯ್ದಿಡುತ್ತ, ಕಳ್ಳರು ನುಗ್ಗದಂತೆ ನೋಡಿಕೊಳ್ಳುತ್ತ ಇರಬೇಕು. ಇದರಿಂದ ಬರುವ ಹಣ ಸ್ವಲ್ಪವಾದರೂ ತಪ್ಪದೆ ಬರುವುದರಿಂದ ಕೆಲಸವಿಲ್ಲದ ತಿಂಗಳಲ್ಲಿ ಅದೇ ಆಸರೆ.

ಇಲ್ಲಿ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೆನೆಯುವುದು ಉಚಿತವಾಗಿದೆ. ಹುಳು ಗೂಡು ಕಟ್ಟಿದ ಮೇಲೆ ಕೆಲವೇ ದಿನಗಳಲ್ಲಿ ಚಿಟ್ಟೆ ಗೂಡನ್ನು ಭೇದಿಸಿ ಹೊರಬರುವುದು. ಭೇದಿಸಿದ ಗೂಡಿನಿಂದ ಎಡೆಬಿಡದ ನೂಲು ಬಾರದು. ಆದಕಾರಣ ರೈತನು ಆ ದಿನದ ಹರಾಜಿನಲ್ಲಿ ಬಂದ ಬೆಲೆಗೆ ಕೊಡಬೇಕಾಗುವುದು. ಕಾಯುವ ಶಕ್ತಿ ಅವನಿಗಿಲ್ಲ. ದುಡಿಮೆಗಾರಳ ಗಂಟೆಯೂ ಅಂಥದೇ. ಇಂದು ಮಾರದ ಗಂಟೆಯನ್ನು ನಾಳೆಗೆ ಕೂಡಿಡಲಾಗುವುದಿಲ್ಲ. ಈ ಅವಸರವನ್ನು ಬಲ್ಲವರು ಅಂತರಜಾಲದ ಮಧ್ಯವರ್ತಿ ತಾಣಗಳಲ್ಲಿ ದೇಶದೇಶಗಳ ಕೆಲಸಗಾರರನ್ನು ಒಬ್ಬರ ಮೇಲೊಬ್ಬರು ಬೆಲೆ ಇಳಿಸುವಂತೆ ಮಾಡುತ್ತಾರೆ. ತಾಣದವರು ತಮ್ಮ ಪಾಲನ್ನೂ ಹಿಡಿದುಕೊಳ್ಳುತ್ತಾರೆ. ಈ ಇಳಿಹರಾಜಿನಿಂದ ಪಾರಾಗಲು ಎರಡೇ ದಾರಿ: ಕೆಲವು ತಿಂಗಳ ಖರ್ಚನ್ನು ಮೊದಲೇ ಕೂಡಿಟ್ಟು ಕಾಯುವ ಶಕ್ತಿಯನ್ನು ಪಡೆಯುವುದು, ಮತ್ತು ಯಾವುದಾದರೂ ಒಂದು ವಿಷಯದಲ್ಲಿ, ಉದಾಹರಣೆಗೆ ಕನ್ನಡ ಪುಟಗಳಲ್ಲಿಯೋ ಬೊಂಬೆ ವ್ಯಾಪಾರದ ತಾಣಗಳಲ್ಲಿಯೋ, "ಇದಕ್ಕೆ ಇವಳೇ" ಎನ್ನಿಸಿಕೊಳ್ಳುವುದು.

ಬರಹವೂ ಕಾನೂನೂ

ನಾವು ಪರಿಚಯಸ್ಥರಲ್ಲಿ ಬರಹ ಕೇಳುವುದನ್ನು ಅವಿಶ್ವಾಸವೆಂದು ತಿಳಿಯುತ್ತೇವೆ. ಅದು ತಪ್ಪು, ವಿಶ್ವಾಸವನ್ನು ಕಾಪಾಡುವುದೇ ಬರಹ. ೧೯೫೭ರ ಕೃತಿಸ್ವಾಮ್ಯ ಕಾನೂನಿನಲ್ಲಿ ಕಂಪ್ಯೂಟರಿನ ತಂತ್ರಾಂಶವೂ ಸಾಹಿತ್ಯಕೃತಿಯಂತೆ ರಕ್ಷಿತವಾಗಿದೆ. ನೌಕರಳಲ್ಲದೆ ಸ್ವತಂತ್ರವಾಗಿ ಬರೆದವಳಿಗೆ ಅದರ ಹಕ್ಕು ಸಾಮಾನ್ಯವಾಗಿ ಅವಳದೇ. ಬೇರೆಯವರಿಗೆ ವರ್ಗಾಯಿಸಬೇಕಾದರೆ ಸಹಿಯುಳ್ಳ ಬರಹ ಬೇಕು. ಆ ಬರಹದಲ್ಲಿ ಅವಧಿಯನ್ನು ಹೇಳದಿದ್ದರೆ ಐದು ವರ್ಷವೆಂದೇ ಎಣಿಕೆ. ಹಣ ಪೂರ್ತಿ ಸಂದ ಮೇಲೆ ಹಕ್ಕು ವರ್ಗವಾಗುವುದೆಂದು ಒಂದು ಸಾಲು ಬರೆದರೆ ಇಬ್ಬರಿಗೂ ನೆಮ್ಮದಿ.

೨೦೨೦ರ ಜುಲೈಯಿಂದ ಜಾರಿಗೆ ಬಂದ ಉದ್ಯಮ್ ನೋಂದಣಿಯನ್ನು ಸ್ವತಂತ್ರ ಕೆಲಸಗಾರರೂ ಶುಲ್ಕವಿಲ್ಲದೆ ಮಾಡಿಸಿಕೊಳ್ಳಬಹುದು. ೨೦೦೬ರ ಕಿರು ಮತ್ತು ಸಣ್ಣ ಉದ್ದಿಮೆಗಳ ಕಾನೂನಿನಂತೆ ಅಂಥವರಿಗೆ ಸಲ್ಲಬೇಕಾದ ಹಣವನ್ನು ಒಪ್ಪಂದವಿದ್ದರೂ ೪೫ ದಿನಗಳೊಳಗೆ ಕೊಡತಕ್ಕದ್ದು. ತಪ್ಪಿದರೆ ಚಕ್ರಬಡ್ಡಿ ಸೇರುವುದು. ಸೇವೆಯಿಂದ ವರ್ಷಕ್ಕೆ ಬರುವ ಹಣ ೨೦ ಲಕ್ಷ ಮೀರಿದರೆ ಸರಕು ಮತ್ತು ಸೇವಾ ತೆರಿಗೆಯ ನೋಂದಣಿ ಆಗಬೇಕು. ಆದಾಯ ತೆರಿಗೆಯಲ್ಲಿ, ಇಂಥ ವೃತ್ತಿಯವರು ನಿಗದಿತ ಮಿತಿಯವರೆಗಿನ ಆದಾಯದಲ್ಲಿ ಅರ್ಧವನ್ನೋ ಅದಕ್ಕಿಂತ ಹೆಚ್ಚನ್ನೋ ಲಾಭವೆಂದು ಒಪ್ಪಿ ತೆರಿಗೆ ಕಟ್ಟುವ ಸರಳ ಕ್ರಮವು ೨೦೧೬ರ ಬಜೆಟ್ಟಿನಿಂದ ಬಂದಿದೆ. ವಿವರಗಳನ್ನು ಲೆಕ್ಕಪರಿಶೋಧಕರಲ್ಲಿ ಕೇಳಿಕೊಳ್ಳುವುದು ಲೇಸು.

ಕೊನೆಯ ಮಾತು

ಬೆಂಗಳೂರಿಗೆ ದಿನವೂ ಹೋಗಿ ಬರುವವರ ಕಷ್ಟವನ್ನು ನೀವು ಬಲ್ಲಿರಿ. ರಾಮನಗರ ಚನ್ನಪಟ್ಟಣದವರಿಗೆ ರೈಲಾದರೂ ಉಂಟು. ಕನಕಪುರ ಮಾಗಡಿಯವರಿಗೆ ಬಸ್ಸೇ ಗತಿ. ಮನೆಯಲ್ಲೇ ಗೌರವದಿಂದ ಸಂಪಾದಿಸುವ ದಾರಿಯೊಂದು ತೆರೆದಿರುವಾಗ, ಅದನ್ನು ಕೆಲಸವೆಂದು ಮೊದಲು ಒಪ್ಪಬೇಕಾದವರು ಮನೆಯವರು. ಬಾಗಿಲು ಮುಚ್ಚಿ ಕುಳಿತ ಮಗಳನ್ನು ಅರ್ಧ ಗಂಟೆಗೊಮ್ಮೆ ಕಾಫಿಗೂ ಅಂಗಡಿಗೂ ಕರೆಯದಿರುವುದು ನೀವು ಅವಳ ಬಂಡವಾಳಕ್ಕೆ ಕೊಡುವ ಕಾಣಿಕೆ.

ಹೆಣ್ಣುಮಕ್ಕಳಿಗೂ ಒಂದು ಮಾತು. ವಿನಯವನ್ನು ಈ ಶಾಲೆಯಲ್ಲಿ ನಿಮಗೆ ಕಲಿಸಿದವರು ನಾವೇ. ಬೆಲೆ ಹೇಳುವುದು ವಿನಯಕ್ಕೆ ವಿರುದ್ಧವಲ್ಲವೆಂಬುದನ್ನು ಮಾತ್ರ ಕಲಿಸಲು ಮರೆತಿದ್ದೆವು. ಬಡವರಿಗೋ, ಗುರುಗಳಿಗೋ, ಸಂಘಕ್ಕೋ ಬಿಟ್ಟುಕೊಡಬೇಕೆಂದಿದ್ದರೆ ಪೂರ್ತಿ ಬೆಲೆಯನ್ನು ಪಟ್ಟಿಯಲ್ಲಿ ಬರೆದು, ಅದರ ಕೆಳಗೆ ಬಿಟ್ಟ ಮೊತ್ತವನ್ನು ಬರೆಯಿರಿ. ಆಗ ಕೊಟ್ಟವರಿಗೂ ಪಡೆದವರಿಗೂ ಕೊಟ್ಟದ್ದೆಷ್ಟೆಂದು ತಿಳಿದಿರುವುದು.

ನಮ್ಮ ತಪ್ಪನ್ನು ಆಡಳಿತ ಮಂಡಲಿಯವರ ಮುಂದೆ ಹೇಳಿದೆವು. ೭೦ ಗಂಟೆಗಳಿಗೆ ಗಂಟೆಗೆ ೫೫೦ರಂತೆ ೩೮,೫೦೦ ರೂಪಾಯಿ ಆಗುತ್ತಿತ್ತು. ಅವಳು ಪಟ್ಟಿ ಬರೆದು ತಂದಾಗ ಪೂರ್ತಿ ಮೊತ್ತವನ್ನು ಬರೆದು, ಅದರ ಕೆಳಗೆ "ಶಾಲೆಗೆ ನನ್ನ ಕಾಣಿಕೆ" ಎಂದು ೮,೫೦೦ನ್ನು ಕಳೆದಿದ್ದಳು. ಉಳಿದ ೩೦,೦೦೦ವನ್ನು ಮೂರು ಕಂತುಗಳಲ್ಲಿ ಸಲ್ಲಿಸಿದ್ದೇವೆ. ಪಾಲನೆಗೆ ವರ್ಷದ ಒಪ್ಪಂದವನ್ನೂ ಮಾಡಿಕೊಂಡಿದ್ದೇವೆ. ಆ ಪಟ್ಟಿಯ ಪ್ರತಿಯೊಂದನ್ನು ಒಂಬತ್ತನೆಯ ತರಗತಿಯ ಲೆಕ್ಕದ ಪಾಠಕ್ಕೆ ಬಳಸುತ್ತಿದ್ದೇವೆ. ಮೊದಲ ದಿನ ಒಬ್ಬ ಹುಡುಗಿಯು ಎದ್ದು, "ಅಮ್ಮಾ, ಹಾಗಾದರೆ ನಮ್ಮಮ್ಮ ಮನೆಯಲ್ಲಿ ಹೊಲಿಯುವ ರವಿಕೆಗೂ ಹೀಗೆಯೇ ಲೆಕ್ಕ ಹಾಕಬಹುದೇ?" ಎಂದು ಕೇಳಿದಳು. ಹಾಕಬಹುದು ಎಂದೆವು. ಮರುದಿನ ಅವಳು ಸೂಜಿ, ದಾರ, ಕರೆಂಟು, ಗಂಟೆಗಳ ಲೆಕ್ಕವನ್ನೆಲ್ಲ ಬರೆದುಕೊಂಡು ಬಂದಿದ್ದಳು.